ಕಡೇ ಪಂಕ್ತಿಯ ಕೊಳಗ

ನನ್ನ ಪ್ರವಚನ ಕೇಳಿ ಕೇಳಿ ನಿಮಗೆ ಹಸಿವಾಗಿದೆ, ಗೊತ್ತು. ದಾಸೋಹದ ಒಲೆಯಿಂದ ಹುಗ್ಗಿಯ ವಾಸನೆ ನನ್ನ ಮೂಗಿಗೂ ಬಡಿಯುತ್ತಿದೆ. ಅದಕ್ಕೇ ಒಂದು ದೃಷ್ಟಾಂತ ಹೇಳಿ ಮುಗಿಸುತ್ತೇನೆ. ಏಕೆ ನಗುತ್ತೀರಿ? ನಾನು ‘ಮುಗಿಸುತ್ತೇನೆ’ ಎಂದರೆ ನಮ್ಮ ಮನೆಯವರೂ ನಂಬುವುದಿಲ್ಲ ಬಿಡಿ.

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಯಾವ ಊರು ಎಂದು ಕೇಳಬೇಡಿ. ನನ್ನ ದೃಷ್ಟಾಂತಗಳ ಸಾಹುಕಾರರೆಲ್ಲ ಅದೇ ಊರಿನಲ್ಲಿರುತ್ತಾರೆ. ಅವನ ಮಗಳ ಮದುವೆ. ಅವನಿಗೆ ಒಂದೇ ಚಿಂತೆ: ಊಟದಲ್ಲಿ ತನ್ನ ಮರ್ಯಾದೆ ಹೋಗಬಾರದು. ಬಡಿಸುವವರನ್ನು ಕರೆದು ಹೇಳಿದ, “ಯಾರ ಎಲಿನೂ ಖಾಲಿ ಕಾಣಬಾರ್ದು. ಕೇಳಬ್ಯಾಡ್ರಿ, ಸುರೀರಿ. ಬ್ಯಾಡ ಅಂದ್ರ ಎರಡು ಸಲ ಸುರೀರಿ.”

ನೋಡಿ, ಇದು ಸಾಹುಕಾರನೊಬ್ಬನ ರೋಗವೇ? ಎಲೆಗೆ ಅಡ್ಡ ಕೈ ಹಿಡಿದರೂ ಬೆರಳ ಸಂದಿಯಿಂದ ಸಾರು ಬಿಡುವವರನ್ನು ನಾವು ‘ಉಪಚಾರ ಬಲ್ಲವರು’ ಎನ್ನುತ್ತೇವೆ.

ಎಲೆ ಹಾಕಿದರು. ಪಲ್ಯ, ಕೋಸಂಬರಿ, ಹೋಳಿಗೆ, ಅನ್ನ, ತುಪ್ಪ, ಎಲ್ಲ ಬಡಿಸಿದರು. ಆದರೆ ಊಟ ಶುರುವಾಗಲಿಲ್ಲ. ಏಕೆ? ನಾಲ್ಕು ಮಾತು ಆಡಲು ಒಬ್ಬ ಪ್ರವಚನಕಾರನನ್ನು ಕರೆಸಿದ್ದರು. ದಪ್ಪಗೆ, ಗಿಡ್ಡಗೆ, ನೋಡಲು ಸುಮಾರು... ಇರಲಿ, ನನ್ನನ್ನು ಅಷ್ಟು ದಿಟ್ಟಿಸಬೇಡಿ. ಅವನ ವಿಷಯ ಏನು? ‘ಅನ್ನವೇ ದೇವರು’. ಅನ್ನ ದೇವರು, ಅನ್ನ ದೇವರು ಎಂದು ಅವನು ಹೇಳುತ್ತಲೇ ಇದ್ದ, ದೇವರು ಎಲೆಯ ಮೇಲೆ ಆರುತ್ತಲೇ ಇದ್ದ. ತುಪ್ಪ ಹೆಪ್ಪುಗಟ್ಟಿತು. ಅನ್ನ ಬಿರುಸಾಯಿತು. ಹೋಳಿಗೆಯ ಮೇಲೆ ನೊಣ ಕೂತವು. ಪ್ರವಚನವನ್ನು ಪೂರ್ತಿ ಕೇಳಿದ್ದು ಆ ನೊಣಗಳೇ.

ಜನ ಅರ್ಧ ತಿಂದು ಎದ್ದರು. ತುಂಬಿದ ಎಲೆಗಳು ಹಿತ್ತಲಿನ ತಿಪ್ಪೆಗೆ ಹೋದವು. ಮುಂದಿನ ಪಂಕ್ತಿಗೂ ಹಾಗೇ ಸುರಿದರು. ಪ್ರವಚನಕಾರ ಮಾತ್ರ ಎಲೆಯಲ್ಲಿ ಏನೂ ಬಿಡಲಿಲ್ಲ. ನಮ್ಮ ಕಸುಬಿನವನು, ಅಷ್ಟನ್ನಾದರೂ ಅವನ ಪರವಾಗಿ ಹೇಳಬೇಕು.

ಕಡೇ ಪಂಕ್ತಿ ಯಾರದು? ಬಡಿಸಿದವರದು, ಪಾತ್ರೆ ತೊಳೆದವರದು, ವಾಲಗದವರದು. ಅವರ ಜೊತೆ ಸಾಹುಕಾರನ ತಾಯಿಯೂ ಕೂತಳು. ಎಲ್ಲರೂ ಉಂಡ ಮೇಲೆಯೇ ಮನೆಯ ಹಿರಿಯಳು ಉಣ್ಣಬೇಕೆಂಬುದು ಅವಳ ಹಟ. ಎಲೆ ಬಂತು, ಉಪ್ಪು ಬಂತು, ಉಪ್ಪಿನಕಾಯಿ ಬಂತು. ಅನ್ನ ಬರಲಿಲ್ಲ. ಒಳಗಿನಿಂದ ಅನ್ನದ ಕೊಳಗದ ತಳ ಕೆರೆಯುವ ಸದ್ದು ಬಂತು.

ಸಾಹುಕಾರ ಓಡಿ ಬಂದ. ಯಾರ ಎಲೆಯೂ ಖಾಲಿ ಕಾಣಬಾರದು ಎಂದಿದ್ದನಲ್ಲ? ಹೆತ್ತ ತಾಯಿಯ ಎಲೆಯೇ ಖಾಲಿ. “ಅವ್ವಾ, ಈಗ ಒಲಿ ಹಚ್ಚಸ್ತೀನಿ” ಎಂದ. ಮುದುಕಿ ಅವನ ಕಡೆ ತಿರುಗಲಿಲ್ಲ. ಎಲೆಅಡಿಕೆ ಮೆಲ್ಲುತ್ತ ಕೂತಿದ್ದ ಪ್ರವಚನಕಾರನನ್ನು ನೋಡಿದಳು. “ಅನ್ನ ದೇವ್ರು ಅಂದ್ರಲ್ರಿ, ಆ ದೇವ್ರು ಈಗ ಎಲ್ಲದಾನ್ರಿ? ತಿಪ್ಪ್ಯಾಗ ಅದಾನ. ಹೋಗಿ ಕೈ ಮುಗದು ಬರ್ರಿ.”

ನಮ್ಮ ಕಸುಬಿನವರ ಬಾಯಿ ಊಟಕ್ಕೆ ತೆರೆಯುತ್ತದೆ, ಮಾತಿಗೆ ತೆರೆಯುತ್ತದೆ. ಆವತ್ತು ಅವನು ಬಾಯಲ್ಲಿದ್ದ ಎಲೆಅಡಿಕೆ ನುಂಗಿ, ಚಪ್ಪಲಿ ಹುಡುಕಲು ಎದ್ದ.

‘ಹಿಂಗ ಅನ್ನ ಹಾಳಾಗೂದಕ್ಕ ಸರಕಾರ ಏನರ ಮಾಡಬೇಕ್ರಿ’ ಎನ್ನುತ್ತೀರಿ. ಮಾಡಲಿ. ರೈತರು ಬೆಳೆದ ಟೊಮೆಟೊ ಕೊಳೆಯದಂತೆ ಶೈತ್ಯಾಗಾರ ಕಟ್ಟಲಿ. ಮದುವೆ ಮಂಟಪದಲ್ಲಿ ಎಲೆಗೆ ಬೀಳದೆ ಉಳಿದ ಅನ್ನ ಬಿಸಿಯಿರುವಾಗಲೇ ಹಾಸ್ಟೆಲಿಗೆ ಹೋಗುವಂತೆ ಕಾನೂನು ತರಲಿ. ಆದರೆ ಸೌಟು ಸರಕಾರದ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ. ಕಡೇ ಪಂಕ್ತಿಯ ಕೊಳಗವನ್ನು ಮೊದಲು ಎತ್ತಿಡಿ, ಉಳಿದದ್ದರಲ್ಲಿ ನಿಮ್ಮ ಮರ್ಯಾದೆ ತೋರಿಸಿ. ಕೇಳಿ ಬಡಿಸಿ. ಅರ್ಧ ಸೌಟು ಬಡಿಸಿ, ಮತ್ತೆ ಬನ್ನಿ. ‘ಸಾಕು’ ಎಂದವರನ್ನು ನಂಬಿ. ಮನೆಯಲ್ಲಿ ನಿನ್ನೆಯ ಅನ್ನ ಉಳಿದಿದೆಯೇ ಎಂದು ನೋಡಿ ಇವತ್ತಿನ ಅಕ್ಕಿ ತೊಳೆಯಿರಿ. ಒಗ್ಗರಣೆ ಅನ್ನ ತಿಂದರೆ ಯಾರ ಜಾತಕವೂ ಕೆಡುವುದಿಲ್ಲ. ಮುಖ್ಯವಾಗಿ, ಮಾತಾಡುವವನು ಕೂರುವವರೆಗೆ ಎಲೆಗೆ ಬಡಿಸಬೇಡಿ.

ದಾಸೋಹದ ಗುರುಪಾದಪ್ಪನವರೇ, ಎಲೆಗೆ ಬಡಿಸಿಬಿಟ್ಟಿರೇನು?

“ಇಲ್ರೀ. ನಿಮ್ಮನ್ನ ನಂಬಿ ಯಾರ್ ಬಡಸ್ತಾರ್ರಿ?”

ಕೇಳಿದಿರಾ? ಇವರಿಗೆ ನನ್ನ ದೃಷ್ಟಾಂತ ಬೇಕಾಗಿಯೇ ಇರಲಿಲ್ಲ. ಸರಿ, ಕೊಳಗ ಎತ್ತಿಡುವುದು ಮುಂದಿನ ಸಲದಿಂದ ಆಗಲಿ. ಇವತ್ತಿನ ಮಟ್ಟಿಗೆ ಒಂದು ಕೆಲಸ ಮಾಡಿ: ಮೊದಲ ಪಂಕ್ತಿಯಲ್ಲಿ ನನಗಾಗಿ ಹಾಕಿರುವ ಮಣೆ ತೆಗೆಯಿರಿ. ನಾನು ಕಡೇ ಪಂಕ್ತಿಯಲ್ಲಿ, ಪಾತ್ರೆ ತೊಳೆಯುವವರ ಪಕ್ಕ ಕೂರುತ್ತೇನೆ. ನೀವು ಎಲೆಯಲ್ಲಿ ಬಿಟ್ಟಷ್ಟೂ ನಮ್ಮ ಹುಗ್ಗಿ ಕಡಿಮೆ. ಈ ಹೊಟ್ಟೆ ನೋಡಿ, ಇದಕ್ಕೆ ಉಪವಾಸದ ಅಭ್ಯಾಸವಿಲ್ಲ. ನನ್ನ ಪಕ್ಕ ಕೂರುವವರಿಗೆ ಇದೆ. ಏಳಿ, ನಮ್ಮನ್ನು ನೆನಪಿಟ್ಟುಕೊಂಡು ಉಣ್ಣಿ.