ಟಮಾಟಿ ಹೂವು ಮುಟ್ಟುವ ಕೈ

ಅಫಜಲಪುರ ಬಸ್ ನಿಲ್ದಾಣದಲ್ಲಿ ಕರಜಗಿ ಬಸ್ಸಿಗಾಗಿ ಕಾಯುತ್ತ ಹುಲೆಪ್ಪ ತೂಕಡಿಸುತ್ತಿದ್ದ. ಹಿಂದಿನ ಬೆಂಚಿನಲ್ಲಿ ಇಬ್ಬರು ಹೆಂಗಸರ ಮಾತು ನಡೆದಿತ್ತು.

“ಅಂಗಳದಾಗಿನ ಟಮಾಟಿ ಈ ಸಲ ಕಾಯಿ ಹಿಡಿವಲ್ವು ನೋಡ್ರಿ ಅಕ್ಕಾ. ಹೂವೆಲ್ಲಾ ಉದುರಾಕತ್ಯಾವ. ಔಷಧ ಒಯ್ಯಾಕತ್ತೇನಿ.”

“ಮೊದಲ ಹಿಡಿದಿದ್ದಿಲ್ಲೇನು ಭಾಗ್ಯಾ?”

“ದೀಪಾವಳಿ ತನಕ ಹಿಡಿದಿದ್ವು.”

“ಗಿಡಕ್ಕ ಗಾಳಿ ಆಡ್ತದಿಲ್ಲೋ?”

“ಎಲ್ಲಿ ಗಾಳಿರಿ? ಸುತ್ತ ಗೋಡಿ. ಮಂಗ್ಯಾ ಬರ್ತಾವಂತ ಸೀರಿ ಬ್ಯಾರೆ ಕಟ್ಟೇನಿ.”

“ಯಾರಾರ ಮುಟ್ಟಿ ಅಲ್ಲಾಡಸ್ತಾರೇನು?”

“ನಮ್ಮತ್ತಿಗೆ ಕಣ್ಣು ಕಾಣಂಗಿಲ್ಲಲ್ರಿ, ದಿನಾ ಮುಂಜಾನಿ ಒಂದೊಂದು ಹೂವು ಸವರಿ ನೋಡ್ತಿದ್ರು. ಹೂ ಉದುರ್ತಾವ, ಗಿಡದ ಸನೇಕ ಬರಬ್ಯಾಡ್ರಿ ಅಂತ ದೀಪಾವಳಿಗೆ ಬೈದೆ. ಆವತ್ತಿನಿಂದ ಒಳಗೇ ಕುಂತಾರ.”

ಹುಲೆಪ್ಪನ ನಿದ್ದೆ ಹಾರಿತ್ತು, ಆದರೂ ಕಣ್ಣು ತೆರೆಯಲಿಲ್ಲ.

“ಹೂವು ಅಲ್ಲಾಡಿದ್ರೇ ಕಾಯಿ ಹಿಡಿತಾವ, ತಂಗಿ. ಗಾಳಿ ಇಲ್ಲಂತ ನಾ ದಿನಾ ಬೆರಳಿಲೆ ಬಡೀತೇನಿ.”

“ಹಂಗಾರ ನಮ್ಮತ್ತಿ ಕೈ…”

“ಹೂಂ.”

“ಈಗ ಅವರಿಗೆ ಏನಂತ ಹೇಳ್ಲಿರಿ?”

“ಏನೂ ಹೇಳಬ್ಯಾಡ. ಕೈ ಹಿಡಕೊಂಡು ಗಿಡದ ತನಕ ಕರಕೊಂಡು ಬಾ.”

ಹವಳಗಾ ಬಸ್ಸು ಬಂತು. ಹುಲೆಪ್ಪ ಕಣ್ಣು ತೆರೆದಾಗ ಇಬ್ಬರೂ ಬಸ್ಸಿನ ಬಾಗಿಲಲ್ಲಿದ್ದರು. ಭಾಗ್ಯಾ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕೇಳುತ್ತಿದ್ದಳು:

“ಕರದ್ರ ಬರ್ತಾರೇನ್ರಿ, ಅಕ್ಕಾ?”