ಖಾಲಿ ಲಾಗ್ ಫೋಲ್ಡರ್

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ದರ್ಜಿ ಹೆಂಗಸು ಟೋಕನ್ ಹಿಡಿದು ಕೂತಿದ್ದಳು. ಅದೇ ಬೆಂಚಿನಲ್ಲಿ ಕೆನ್ನೆ ಊದಿದ ಒಬ್ಬ ಭಾವ, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಅವನ ನಾದಿನಿ. ಇಬ್ಬರಿಗೂ ಒಂದೇ ಆಫೀಸಂತೆ.

"ಭಾವ, ಆಸ್ಪತ್ರೆ ರಿಪೋರ್ಟ್ ಪ್ರೋಗ್ರಾಂ ದಿನಾ ಯಾಕೆ ನಿಲ್ಲುತ್ತೆ ಅಂತ ಮಧ್ಯಾಹ್ನದೊಳಗೆ ಹೇಳಬೇಕು. ಕಾರಣ ಬರೆದಿಡೋ ಲಾಗ್ ಎಲ್ಲಿ?"

"ಲಾಗ್ ಫೋಲ್ಡರಲ್ಲಿ."

"ಮೂರು ದಿನದಿಂದ ಖಾಲಿ!"

"ಲಾಗ್ ಬರೆಯೋ ಸ್ಕ್ರಿಪ್ಟ್ ಸರಿ ಇದೆ. ಎಲ್ಲಿ ಬರೀಬೇಕು ಅಂತ ಸಿಸ್ಟಂ ಪ್ರಾಪರ್ಟಿ, ಅಂದ್ರೆ ನಾವು ಕೊಟ್ಟ ಫೋಲ್ಡರ್ ಹೆಸರು, ನೋಡಿ ತಿಳ್ಕೊಳ್ಳುತ್ತೆ."

"ಆ ಪ್ರಾಪರ್ಟಿ ಎಲ್ಲಿ ಕೊಟ್ಟಿದೀರಿ?"

"ಪ್ರೋಗ್ರಾಂ ಶುರು ಮಾಡೋ ಸಾಲಿನ ಕೊನೇಲಿ."

"ಕೊನೇಲಾ? ಪ್ರೋಗ್ರಾಂ ಹೆಸರಾದ ಮೇಲೆ ಹೇಳಿದ್ದನ್ನ ಅದನ್ನ ಓಡಿಸೋ ಜಾವಾ ಕಿವಿಗೇ ಹಾಕ್ಕೊಳ್ಳಲ್ಲ. ಬಸ್ಸಿಳಿದ ಮೇಲೆ ಟಿಕೆಟ್ ಕೇಳಿದ ಹಾಗಾಯ್ತು!"

"ಹಂಗಾದ್ರೆ ಸ್ಕ್ರಿಪ್ಟಿಗೆ ಸಿಕ್ಕಿದ್ದೇನು?"

"ಏನೂ ಇಲ್ಲ. ಬರೀ 'ನಲ್', ಅಂದ್ರೆ ಖಾಲಿ. 'ನಲ್' ಅನ್ನೋ ಹೆಸರಿಂದಲೇ ಫೋಲ್ಡರ್ ಮಾಡಿ ಲಾಗೆಲ್ಲ ಅದರಲ್ಲಿ ಬರೆದಿರುತ್ತೆ. ತಡೀರಿ, ಹುಡುಕ್ತೀನಿ, ಸಿಕ್ತು ಅಂದ್ಕೊಳ್ಳಿ... ಎಲ್ಲಿ, ಆ ಫೋಲ್ಡರೇ ಇಲ್ವಲ್ಲ?"

ಭಾವನ ಕೈ ಕೆನ್ನೆಯಿಂದ ಹಣೆಗೆ ಹೋಯಿತು.

"ಅದನ್ನ ಕಸ ಅಂದ್ಕೊಂಡೆ ಕಣೇ. ದಿನಾ ಬೆಳಿಗ್ಗೆ ನಾನೇ ಅಳಿಸ್ತಿದ್ದೆ."

"ಬೆಣ್ಣೆ ತಿಪ್ಪೆಗೆಸೆದು ತುಪ್ಪಕ್ಕೆ ನನ್ನನ್ನ ಊರೆಲ್ಲ ಅಲೆಸಿದ್ರಲ್ಲ!"

"ಈಗ ಕಾರಣ ಗೊತ್ತಾಗೋದು ಹೇಗೆ?"

"ಆ ಪ್ರೋಗ್ರಾಂ ಇನ್ನೊಂದು ಸಲ ಕೆಟ್ಟು ನಿಲ್ಲಬೇಕು. ಹಾಗಂತ ಆಸ್ಪತ್ರೆಯವರಿಗೆ ನೀವೇ ಫೋನ್ ಮಾಡಿ ಹೇಳಿ. ತಗೊಳ್ಳಿ."

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, "ಹದಿನಾಲ್ಕನೇ ನಂಬರ್! ಹಲ್ಲು ಕೀಳಿಸೋರು ಯಾರು?" ಅಂದಳು.

"ನಾನು, ನಾನು!" ಅಂತ ಭಾವ ಎದ್ದವನೇ ಒಳಗೋಡಿದ. ನಾದಿನಿ ಫೋನ್ ಚಾಚಿಕೊಂಡೇ ಹಿಂದೆ ನುಗ್ಗಿದಳು.

ಹಲ್ಲು ಕೀಳೋ ಕುರ್ಚಿಗೆ ಅಷ್ಟು ಆಸೆಯಿಂದ ಓಡಿದವರನ್ನು ದರ್ಜಿ ಹೆಂಗಸು ಈವರೆಗೆ ಕಂಡಿರಲಿಲ್ಲ.