ತುಂಬಿಟ್ಟ ಅರ್ಜಿ

ಗಲ್ಫಿನ ಮುಂತಜಾ ಬಡಾವಣೆಯ ಬಸ್ ನಿಲ್ದಾಣದಲ್ಲಿ ಕನ್ನಡ ಕಿವಿಗೆ ಬಿದ್ದಾಗ ಫ್ಲೇವಿಯಾ ಫೋನಿನಿಂದ ತಲೆಯೆತ್ತದೆ ಆಲಿಸತೊಡಗಿದಳು. ಪಕ್ಕದ ಬೆಂಚಿನಲ್ಲಿ ಇಬ್ಬರು ಕೂತಿದ್ದರು.

“ಟೆರೆನ್ಸ್ ವಕೀಲ್ರ, ಜಿಲ್ಲಾ ಜಡ್ಜ್ ಪರೀಕ್ಷಾ ಮತ್ತ ಕರದಾರಂತಲ್ರಿ. ಮೂರು ಸಲ ಬರದೀರಿ, ಇದೊಂದು ಸಲ ಬರೀರಿ. ಕಳ್ಳರು ನಿಮ್ಮ ದಾರಿ ಕಾಯಾಕತ್ತಾರ.”

“ಆಗುದಿಲ್ಲ ಶರಣು. ಅರ್ಜಿ ಹಾಕುವಾಗ ಹಿಂದಿನ ಏಳು ವರ್ಷ ಬಿಡದೆ ವಕೀಲಿ ಮಾಡಿರ್ಬೇಕು. ಇಲ್ಲಿಗೆ ಬಂದು ಅದು ತುಂಡಾಯ್ತು.”

“ಊರಿಗೆ ಹೋಗಿ ಮತ್ತ ಸುರು ಮಾಡ್ರಿ.”

“ಏಳು ವರ್ಷ ಆಗುವಾಗ ವಯಸ್ಸು ಮೀರ್ತದೆ. ಖಲಾಸ್.”

“ಮನ್ಯಾಗ ಹೇಳೀರಿಲ್ಲೋ?”

“ಜೂಲಿಯೆಟ್ ಅರ್ಜಿ ತುಂಬಿ ಇಟ್ಟಿದ್ದಾಳೆ. ಕಳಿಸ್ಲಾ ಅಂತ ದಿನಾ ಕೇಳ್ತಾಳೆ.”

“ಹೆಂಡ್ತಿಗೆ ಹೇಳಿಬಿಡ್ರಿ ಮತ್ತ.”

“ಹೇಗೆ ಹೇಳುದು ಮಾರಾಯ? ಎರಡು ವರ್ಷ ಗಲ್ಫಿಗೆ ಹೋಗಿ ಬನ್ನಿ ಅಂತ ಹಟ ಹಿಡಿದು ಕಳಿಸಿದ್ದೇ ಅವಳು.”

ಇಂಡಸ್ಟ್ರಿಯಲ್ ಏರಿಯಾದ ಬಸ್ಸು ಬಂದಾಗ ಇಬ್ಬರೂ ಎದ್ದು ಹೋದರು.